ಬಾರಲೇದಿಬ್ಬ

ಗುಡ್ಡದ ನೆತ್ತಿಯಲ್ಲಿ ಹಾಳುಬಿದ್ದ ಪೇಟೆಯೊಂದಿದೆ. ಅರ್ಧ ಕುಸಿದ ಅಗಸೆಬಾಗಿಲು ದಾಟಿದರೆ ಬೀದಿಯ ಎರಡೂ ಬದಿಗೆ ಕಲ್ಲುಗುಪ್ಪೆಗಳು, ನಡುನಡುವೆ ಕಳ್ಳಿ, ಸೀತಾಫಲದ ಪೊದೆಗಳು. ಅಡಿವಾರದ ನೇಕಾರರು ಇದನ್ನು ಬಾರಲೇದಿಬ್ಬ ಎನ್ನುತ್ತಾರೆ. ಗದರಿ ಕರೆದಂತಿರುವ ಈ ಹೆಸರು ಹಂಪವ್ವನೆಂಬ ಹೆಣ್ಣುಮಗಳ ಬಾಯಿಂದ ಬಂದದ್ದು.

ಹಿಂದೆ ಒಮ್ಮೆ ಇಲ್ಲಿ ನೂರು ಮಗ್ಗಗಳಿದ್ದವಂತೆ. ದಂಡು ಬಂದು ಬೆಂಕಿಯಿಟ್ಟ ದಿನ ಜನ ಉಟ್ಟ ಬಟ್ಟೆಯಲ್ಲೇ ಓಡಿದರು. ಊರಿನ ಭೂಮಿಗೆ ಆಧಾರವಾಗಿದ್ದ ತಾಮ್ರಶಾಸನವನ್ನು ಹಂಪವ್ವನ ತಂದೆ ತನ್ನ ಮನೆಯ ಹೊಸ್ತಿಲಡಿ ಹೂತಿಟ್ಟು, ಆ ಗುಟ್ಟನ್ನು ಮಗಳಿಗೆ ತಿಳಿಸಿ ದಾರಿಯಲ್ಲೇ ತೀರಿಕೊಂಡ. ಮೂರು ವರ್ಷ ಪರರ ಊರಲ್ಲಿ ದಿನ ನೂಕಿದ ನೇಕಾರರು ಕಾಲ ತಿಳಿಯಾದ ಮೇಲೆ ತಮ್ಮ ಭೂಮಿ ಕೇಳಿದರೆ, ನಾಡಗೌಡ, "ಸಂಜೆಯೊಳಗೆ ಶಾಸನ ತೋರಿಸಿರಿ. ಇಲ್ಲಾಂದ್ರ ಬ್ಯಾರೇದವರಿಗೆ ಕೊಡತೀನಿ" ಎಂದುಬಿಟ್ಟ. ಹಂಪವ್ವ ತನ್ನ ಸಾಕುನಾಯಿ ಬೂದ್ಯಾನನ್ನು ಕರೆದುಕೊಂಡು, ಗುದ್ದಲಿ ಹೊತ್ತು ಗುಡ್ಡ ಹತ್ತಿದಳು.

ಮೇಲೆ ಬಂದು ನೋಡಿದರೆ ಯಾವುದು ಯಾರ ಮನೆಯೆಂದು ಹೇಳುವಂತಿರಲಿಲ್ಲ. ಎಲ್ಲವೂ ಒಂದೇ ತೆರನ ಕಲ್ಲುರಾಶಿ. ತನ್ನದೆಂದುಕೊಂಡ ಎರಡು ಗುಪ್ಪೆಗಳನ್ನು ಅಗೆದು ಕೈ ಬೊಬ್ಬೆಯೆದ್ದಿತು. ಅದರ ಮೇಲೆ ಬೂದ್ಯಾನ ಕಾಟ. ಪ್ರತಿ ಗುಪ್ಪೆಯೆದುರೂ ನಿಲ್ಲುವುದು, ಬಾಲ ಅಲ್ಲಾಡಿಸುವುದು, ಎಳೆದರೂ ಕದಲದಿರುವುದು. "ಬಾರಲೇ! ಇಲ್ಲಿ ಯಾರದಾರಂತ ನಿಂತೀಯೋ? ಬಾರಲೇ, ಹಾಳಾದವನೇ!" ಎಂದು ಕೂಗಿ ಕೂಗಿ ಅವಳ ಗಂಟಲು ಒಣಗಿತು. ಕೊನೆಗೆ ರೋಸಿಹೋಗಿ ಕಲ್ಲೆತ್ತಿಕೊಂಡವಳು ಹಾಗೆಯೇ ನಿಂತಳು. ಮರಿಯಾಗಿದ್ದಾಗ ಬೂದ್ಯಾ ಮುಂಜಾನೆ ಇದೇ ಬೀದಿಯಲ್ಲಿ ಮನೆಮನೆಯೆದುರು ನಿಂತು ರೊಟ್ಟಿಯ ಚೂರಿಗೆ ಕಾಯುತ್ತಿದ್ದುದು ಅವಳಿಗೆ ನೆನಪಾಯಿತು. ಆ ನಾಯಿ ಕಲ್ಲುಗಳೆದುರು ರೊಟ್ಟಿಗೆ ಕಾಯುತ್ತಿತ್ತು.

ಹಂಪವ್ವ ಬಾಯಿ ಮುಚ್ಚಿಕೊಂಡು ಅದರ ಹಿಂದೆ ನಡೆದಳು. ಹದಿನಾರು ಗುಪ್ಪೆಗಳ ಹೊರಗೆ ನಿಂತ ಬೂದ್ಯಾ ಹದಿನೇಳನೆಯದರಲ್ಲಿ ನಿಲ್ಲಲಿಲ್ಲ; ಕಲ್ಲು ಹತ್ತಿ ಒಳಗಿಳಿದು, ಮೂಲೆಯೊಂದರಲ್ಲಿ ಸುತ್ತು ಹಾಕಿ ಮಲಗಿಬಿಟ್ಟಿತು. ಅದೇ ತನ್ನ ಮನೆಯೆಂದು ತಿಳಿದು ಬೀದಿಯ ಕಡೆಯ ಕಲ್ಲು ಸರಿಸಿದಾಗ ಹೊಸ್ತಿಲು ಕಂಡಿತು. ಹೊಸ್ತಿಲಡಿ ಶಾಸನವೂ ಸಿಕ್ಕಿತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಬಾರಲೇ, ಹೊತ್ತಾತು" ಎಂದಳು. ಬೂದ್ಯಾ ಏಳಲಿಲ್ಲ. ಬೈದಳು, ರಮಿಸಿದಳು, ಕೊರಳ ಹಗ್ಗ ಹಿಡಿದೆಳೆದಳು. ಹೊತ್ತು ಇಳಿಯುತ್ತಿತ್ತು. ಬೇರೆ ದಾರಿಯಿಲ್ಲದೆ ಅದನ್ನು ಅಲ್ಲೇ ಬಿಟ್ಟು, ಅಳುತ್ತ ಶಪಿಸುತ್ತ ಗುಡ್ಡ ಇಳಿದಳು.

ಭೂಮಿ ನೇಕಾರರಿಗೇ ದಕ್ಕಿತು. ಆದರೆ ಸುಟ್ಟ ಊರಲ್ಲಿ ಬಾಳಲು ಮನಸ್ಸಾಗದೆ ಅವರು ಅಡಿವಾರದಲ್ಲಿ ಮನೆ ಕಟ್ಟಿದರು. ಬೂದ್ಯಾ ಮಾತ್ರ ಇಳಿಯಲೊಲ್ಲದು. ಹಂಪವ್ವ ದಿನವೂ ರೊಟ್ಟಿ ಹಿಡಿದು ಹತ್ತುವಳು. ಅವಳು "ಬಾರಲೇ" ಎಂದು ಗದರುವುದು ಕೆಳಗಿನ ಮಗ್ಗಗಳವರೆಗೂ ಕೇಳುತ್ತಿತ್ತು. ಹೀಗೆ ಆರು ವರ್ಷ ನಡೆಯಿತೆನ್ನುತ್ತಾರೆ.

ಈಗಲೂ ಹೋದವರಿಗೆ ಹದಿನೇಳನೆಯ ಗುಪ್ಪೆಯ ಬಳಿ, ಬಟ್ಟಲಿನಂತೆ ಕುಳಿ ತೋಡಿದ ಬಂಡೆಯೊಂದು ಕಾಣುತ್ತದೆ. ಕುರಿ ಕಾಯುವವರು ಬುತ್ತಿ ಬಿಚ್ಚಿದಾಗ ಮೊದಲ ಚೂರನ್ನು ಅದರಲ್ಲಿಟ್ಟು, ನಂತರವೇ ತಾವು ಉಣ್ಣುತ್ತಾರೆ.