ಸಾಹುಕಾರರ ಮೀಟರು, ಐತಪ್ಪನ ಓದು

ಘಟ್ಟದ ಹಳ್ಳಿಗಳಿಗೆ ಹೋಗಿ ರೋಗಿಗಳನ್ನು ನೋಡುವ ಡಾಕ್ಟರ್ ಗ್ಲಾಡಿಸಮ್ಮನಿಗೆ ಗಟ್ಟಿಮುಟ್ಟಾದ ಗಾಡಿ ಬೇಕಿತ್ತು. ಮಂಗಳೂರಿನ ಧನಪಾಲ ಸಾಹುಕಾರರ ಅಂಗಳದಲ್ಲಿ ಜಪಾನಿನಿಂದ ಹಡಗಿನಲ್ಲಿ ಬಂದ ಹಳೆಯ ಎಸ್‌ಯುವಿಯೊಂದು ನಿಂತಿತ್ತು.

"ಮೀಟರ್ ನೋಡಿ, ಓಡಿದ್ದು ಬರೀ ಇಪ್ಪತ್ತೆಂಟು ಸಾವಿರ ಕಿಲೋಮೀಟರ್. ಸಂಜೆಯೊಳಗೆ ತಗೊಳ್ಳಿ, ಇಲ್ಲದಿದ್ದರೆ ಬೇರೆಯವರ ಪಾಲು," ಎಂದರು ಸಾಹುಕಾರರು.

ಡಾಕ್ಟರಮ್ಮ ತಮ್ಮ ಡ್ರೈವರ್ ಐತಪ್ಪನ ಮುಖ ನೋಡಿದರು. ಅವನು ಆಗಲೇ ಬಾನೆಟ್ಟು, ಬಾಗಿಲು ಎಲ್ಲ ತೆರೆದು ನೋಡಿ ಮುಗಿಸಿದ್ದ.

"ಅವನನ್ನೇನು ಕೇಳುವುದು? ನನ್ನ ಮಾತು ಸಾಲದಾ?" ಸಾಹುಕಾರರು ಗುಡುಗಿದರು.

"ಧಾರಾಳ ಸಾಕು ಧಣಿ," ಐತಪ್ಪ ಕೈಮುಗಿದ. "ಅದನ್ನೇ ಒಂದು ಚೀಟಿಯಲ್ಲಿ ಬರೆದುಕೊಡಿ. ಮೀಟರ್ ಸುಳ್ಳಾದರೆ ಅರ್ಧ ಬೆಲೆಗೆ ಕೊಡ್ತೇನೆ ಅಂತ."

ಸಾಹುಕಾರರು ನಗುತ್ತಲೇ ಬರೆದು, ಸಹಿ ಹಾಕಿ, ಮೊಹರನ್ನೂ ಒತ್ತಿದರು.

ಐತಪ್ಪ ಚೀಟಿಯನ್ನು ಡಾಕ್ಟರಮ್ಮನ ಕೈಗಿತ್ತು, ಗಾಡಿಯ ಬಾಗಿಲು ತೆರೆದ. ಅದರ ಅಂಚಿನಲ್ಲಿ, ಜಪಾನಿನಲ್ಲಿ ಆಯಿಲ್ ಬದಲಿಸಿದಾಗ ಅಂಟಿಸಿದ ಸಣ್ಣ ಸ್ಟಿಕ್ಕರ್ ಇತ್ತು.

"ಅದು ಜಪಾನಿ ಭಾಷೆ ಮಾರಾಯಾ! ನಿನಗೆ ಓದ್ಲಿಕ್ಕೆ ಬರ್ತದಾ?"

"ಅಕ್ಷರ ಬರುವುದಿಲ್ಲ ಧಣಿ, ಅಂಕಿ ಬರ್ತದೆ. ಆಯಿಲ್ ಬದಲಿಸುವಾಗಲೇ ಗಾಡಿ ಒಂದು ಲಕ್ಷದ ಹದಿನಾರು ಸಾವಿರ ಕಿಲೋಮೀಟರ್ ಓಡಿತ್ತು ಅಂತ ಬರೆದಿದ್ದಾರೆ."

ಸಾಹುಕಾರರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಂಕಿ ಅಲ್ಲಾಡಲಿಲ್ಲ.

"ಎಂಜಿನ್ ಒಳ್ಳೆಯದಿದೆ ಅಮ್ಮಾ. ಅರ್ಧ ಬೆಲೆಗೆ ಧೈರ್ಯವಾಗಿ ತಗೊಳ್ಳಬಹುದು," ಎಂದ ಐತಪ್ಪ.

ಬೀಗದ ಕೈ ಕೊಡುವಾಗ ಸಾಹುಕಾರರು ಅವನನ್ನು ಪಕ್ಕಕ್ಕೆ ಕರೆದರು. "ನಾಳೆಯಿಂದ ನನ್ನಲ್ಲಿಗೇ ಕೆಲಸಕ್ಕೆ ಬಾ."

"ಬರ್ತೇನೆ ಧಣಿ. ಬಂದ ಗಿರಾಕಿಗಳಿಗೆಲ್ಲ ಹೀಗೇ ಬಾಗಿಲು ತೆರೆದು ತೋರಿಸ್ತೇನೆ."

"ಬೇಡ ಮಾರಾಯಾ, ಬೇಡ!" ಎನ್ನುತ್ತ ಸಾಹುಕಾರರು ತಾವೇ ಓಡಿಹೋಗಿ ಗೇಟು ತೆರೆದುಕೊಟ್ಟರು.