ಬೆಲ್ಲ ತಿಂದ ಗುಮಾಸ್ತ

"ಬುದ್ಧಿ, ನಿಜವಾಗಿ ಹಸಿದವರು ಯಾರು, ಸುಮ್ಮನೆ ಬಂದು ಉಣ್ಣುವವರು ಯಾರು ಎಂದು ತಿಳಿಯುವುದು ಹೇಗೆ?" ಎಂದು ಮರಿದೇವ ಕೇಳಿದ.

ಮರಿದೇವ ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯ. ಗುರುಗಳು ಜಗಲಿಯಲ್ಲಿ ಕೂತು ಮಧ್ಯಾಹ್ನದ ಸಾರಿಗೆ ಸೊಪ್ಪು ಬಿಡಿಸುತ್ತಿದ್ದರು. "ಯಾಕಪ್ಪಾ, ಏನಾಯಿತು?" ಎಂದರು.

"ಕಿವಿಗೆ ಓಲೆ ಹಾಕಿಕೊಂಡವರೂ ಪಂಕ್ತಿಗೆ ಬಂದು ಕೂರುತ್ತಾರೆ. ಉಂಡು ಸುಮ್ಮನೆ ಎದ್ದು ಹೋಗುತ್ತಾರೆಯೇ? ಕೊಂಕು ಬೇರೆ ಆಡುತ್ತಾರೆ. ಒಂದು ಪರೀಕ್ಷೆ ಅಂತ ಇಟ್ಟರೆ ಅರ್ಧ ಜನ ಕಡಿಮೆಯಾಗುತ್ತಾರೆ."

"ಪರೀಕ್ಷೆಯೋ! ಸರಿ, ಕೂತುಕೋ. ಕೈ ಖಾಲಿ ಇದೆಯಲ್ಲ, ನೀನೂ ಸೊಪ್ಪು ಬಿಡಿಸು" ಎಂದು ಗುರುಗಳು ಕತೆ ಶುರು ಮಾಡಿದರು.

ಒಬ್ಬ ರಾಜನಿದ್ದ. ಕೆಟ್ಟವನಲ್ಲ. ಬೆಳೆ ಕೈಗೆ ಬರುವುದಕ್ಕೆ ಮುಂಚಿನ ಮೂರು ತಿಂಗಳು ಬಡವರಿಗೆ ಕಷ್ಟವೆಂದು ಕಣಜದ ರಾಗಿ ಹಂಚಲು ಹೊರಟ. ಹೊರಟವನು ಹಂಚಿಬಿಡಬಾರದಿತ್ತೇ? ಇಲ್ಲ. ಉಳ್ಳವರೂ ಬಂದು ಚೀಲ ಒಡ್ಡಿದರೆ ಗತಿಯೇನು ಎಂಬ ಚಿಂತೆ ಅವನಿಗೆ ಹತ್ತಿಕೊಂಡಿತು. ಆಸ್ಥಾನದ ಬುದ್ಧಿವಂತರು ಕೂತು ಬಡವರಲ್ಲದವರನ್ನು ಹಿಡಿಯಲು ಕೆಲವು ಗುರುತುಗಳನ್ನು ಕಂಡುಹಿಡಿದರು. ಮನೆಯಲ್ಲಿ ಬೆಲ್ಲ ಕಂಡರೆ ಅವರು ಬಡವರಲ್ಲ ಎಂಬುದು ಅದರಲ್ಲಿ ಮುಖ್ಯವಾದದ್ದು. ಹಿಟ್ಟಿಗೇ ಗತಿಯಿಲ್ಲದವರು ಬೆಲ್ಲ ಎಲ್ಲಿಂದ ತರುತ್ತಾರೆ ಎಂದು ಅವರ ತರ್ಕ. ಅವರಲ್ಲಿ ಒಬ್ಬನಾದರೂ ಬಡವರ ಮನೆಯಲ್ಲಿ ನೀರು ಕುಡಿದಿದ್ದರೆ ಕೇಳು!

ಮನೆಮನೆ ನೋಡಿ ಬರೆದುಕೊಂಡು ಬರಲು ಒಬ್ಬ ಗುಮಾಸ್ತನನ್ನು ಕಳಿಸಿದರು. ಅವನೂ ಕೆಟ್ಟವನಲ್ಲ. ಲಂಚ ಮುಟ್ಟುತ್ತಿರಲಿಲ್ಲ. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದ. ಅದೇ ಅವನ ಹೆಮ್ಮೆ.

ಒಂದು ಮಧ್ಯಾಹ್ನ ಅವನು ಚಾಪೆ ಹೆಣೆಯುವ ಹೆಂಗಸಿನ ಮನೆಗೆ ಬಂದ. ಬೆರಳು ಊದಿಕೊಂಡು ಅವಳು ಚಾಪೆ ಹೆಣೆದೇ ಎರಡು ತಿಂಗಳಾಗಿತ್ತು. ಒಳಗೆ ಹಾಸಿಗೆ ಹಿಡಿದ ಅತ್ತೆ. ಒಲೆಯ ಬೂದಿ ತಣ್ಣಗಿತ್ತು. ಗುಮಾಸ್ತ ಎಲ್ಲವನ್ನೂ ನೋಡಿದ. ಪಾಪ, ಇವರಿಗೆ ರಾಗಿ ಸಿಗಲೇಬೇಕು ಎಂದುಕೊಂಡ. ಬಿಸಿಲಲ್ಲಿ ನಡೆದು ಬಂದಿದ್ದನಾದ್ದರಿಂದ, "ಸ್ವಲ್ಪ ನೀರು ಕೊಡಮ್ಮ" ಎಂದ.

ಒಳಗೆ ಹೋದವಳು ಬೇಗ ಬರಲಿಲ್ಲ. ಹಿತ್ತಿಲ ಗೋಡೆಯ ಹತ್ತಿರ ಅವಳ ದನಿ ಕೇಳಿಸಿತು. "ಅಣ್ಣಾ, ಒಂದು ಚೂರು ಬೆಲ್ಲ ಇದ್ದರೆ ಕೊಡಣ್ಣಾ. ಮನೆಗೆ ಬಂದವರಿಗೆ ಬರೀ ನೀರು ಹೇಗೆ ಕೊಡಲಿ?" ಪಕ್ಕದ ಮನೆ ಕುಂಬಾರನದು. ಅವನೇನೂ ಉಳ್ಳವನಲ್ಲ, ಆದರೂ ಇದ್ದ ಒಂದು ಚೂರನ್ನು ಗೋಡೆಯ ಮೇಲಿಂದ ಕೊಟ್ಟ. ಅಷ್ಟೂ ಗುಮಾಸ್ತನ ಕಿವಿಗೆ ಬಿತ್ತು.

ಅವಳು ನೀರಿನ ಜೊತೆಗೆ ಬೆಲ್ಲ ತಂದಿಟ್ಟಳು. ಅವನು ತಿಂದ, ನೀರು ಕುಡಿದ. ಹೋದ ಜೀವ ಬಂದ ಹಾಗಾಯಿತು. ಆಮೇಲೆ ಪುಸ್ತಕ ಬಿಚ್ಚಿದ. ಮನೆಯಲ್ಲಿ ಬೆಲ್ಲ ಉಂಟೇ ಎಂಬ ಕಡೆ ಬಂದಾಗ ಅವನ ಕೈ ನಿಂತಿತು. ಕಣ್ಣಲ್ಲಿ ಕಂಡದ್ದನ್ನು ಬರೆಯಬೇಕು, ಕಿವಿಯಲ್ಲಿ ಕೇಳಿದ್ದನ್ನು ಬರೆಯಬಾರದು ಎಂದು ಆಜ್ಞೆಯಾಗಿತ್ತು. ಆ ಜಾಗವನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಮೇಲಿನವರು ಯಾಕೆಂದು ಕೇಳುತ್ತಾರೆ. 'ಉಂಟು' ಎಂದು ಬರೆದ. ಅವನ ನಾಲಿಗೆಯ ಮೇಲೆ ಸಿಹಿ ಇನ್ನೂ ಇತ್ತು.

ಹಂಚಿಕೆಯ ದಿನ ಆ ಹೆಂಗಸು ಚೀಲ ಹಿಡಿದು ಸಾಲಿನಲ್ಲಿ ನಿಂತಳು. "ನಿನ್ನ ಮನೆಯಲ್ಲಿ ಬೆಲ್ಲ ಉಂಟಂತೆ, ನಿನ್ನ ಹೆಸರಿಲ್ಲ, ಹೋಗಮ್ಮ" ಎಂದರು. ಎರಡನೆಯ ಸಲವೂ ಅದೇ ಮಾತು. ಕುಂಬಾರ ತನಗೆ ಸಿಕ್ಕ ರಾಗಿಯಲ್ಲೇ ಒಂದಿಷ್ಟು ಕೊಟ್ಟ. ಅದು ಎಷ್ಟು ದಿನ ಬಂದೀತು? ಅವಳು ಅತ್ತೆಗೆ ಗಂಜಿ ಕುಡಿಸಿ ತಾನು ನೀರು ಕುಡಿದು ಮಲಗಿದಳು. ಕೊನೆಗೆ ಗಂಜಿಯೂ ಮುಗಿಯಿತು. ಮುದುಕಿ ಹೋಗಿಬಿಟ್ಟಳು.

ತಿಥಿ ಮುಗಿದ ಮೇಲೆ ಮತ್ತೆ ಹಂಚಿಕೆಯ ದಿನ ಬಂತು. ಕುಂಬಾರ ಸಾಲಿನಿಂದ ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ: "ಆ ಬೆಲ್ಲ ನನ್ನದು ಕಣ್ರಪ್ಪಾ! ಅರಮನೆಯವರು ಬಂದು ಅದನ್ನು ತಿಂದರು. ತಾವು ತಿಂದದ್ದನ್ನೇ ಅವಳ ಆಸ್ತಿ ಅಂತ ಬರೆದುಕೊಂಡು ಹೋದರು. ಹೊಡೆದು ಹಾಕುವುದಾದರೆ ನನ್ನ ಹೆಸರು ಹೊಡೆದು ಹಾಕಿ, ಅವಳದ್ದು ಬರೆಯಿರಿ."

ಸಾಲಿನಲ್ಲಿದ್ದವರು ನಕ್ಕರು. ನಗುವಂಥ ಮಾತಲ್ಲ, ಆದರೂ ನಕ್ಕರು. ಆ ನಗುವಿನ ಸುದ್ದಿ ಸಂಜೆಯೊಳಗೆ ಅರಮನೆ ಮುಟ್ಟಿತು.

ರಾಜ ಕೆಂಡವಾದ. ನನ್ನ ರಾಗಿ ತಿಂದು ನನ್ನನ್ನೇ ಆಡಿಕೊಳ್ಳುವುದೇ ಎಂದ. ಅಂದವನು ಯಾರು, ಎಲ್ಲಿ ನಿಂತು ಅಂದ, ಎಷ್ಟು ಜನ ನಕ್ಕರು, ಎಲ್ಲವನ್ನೂ ಕೆದಕಿ ಕೇಳಿದ. ಗುಮಾಸ್ತ ಪುಸ್ತಕ ಹಿಡಿದು ಅಲ್ಲೇ ನಿಂತಿದ್ದ. ಈಗ ನನ್ನ ಕಡೆ ತಿರುಗುತ್ತಾರೆ, ಆ ಬೆಲ್ಲ ತಿಂದದ್ದು ನಿಜವೇ ಎಂದು ಕೇಳುತ್ತಾರೆ, ಕೇಳಿದರೆ ಹೌದು ಎಂದುಬಿಡುತ್ತೇನೆ ಎಂದು ಕಾದ. ಅದೊಂದನ್ನು ಮಾತ್ರ ಯಾರೂ ಕೇಳಲಿಲ್ಲ. ಸದ್ಯ, ಕೇಳಲಿಲ್ಲವಲ್ಲ ಎಂದು ಅವನಿಗೆ ನೆಮ್ಮದಿಯಾಯಿತು. ಆ ನೆಮ್ಮದಿಗೆ ಅವನು ಆಮೇಲೆ ನಾಚಿಕೊಂಡಷ್ಟು ಬೇರೆ ಯಾವುದಕ್ಕೂ ನಾಚಿಕೊಳ್ಳಲಿಲ್ಲ.

ಇಷ್ಟು ಗಟ್ಟಿಯಾಗಿ ಕೂಗುವವನ ಹೊಟ್ಟೆ ತುಂಬಿರಲೇಬೇಕು, ಅವನ ಹೆಸರು ಹೊಡೆದು ಹಾಕಿ, ಊರು ಬಿಡಿಸಿ ಎಂದು ರಾಜ ಹೇಳಿದ. ಹೆಂಗಸಿನ ಹೆಸರು ಯಾರಿಗೂ ನೆನಪಾಗಲಿಲ್ಲ. ಬುದ್ಧಿವಂತರು ಅಂದೇ ಗುರುತುಗಳ ಜೊತೆಗೆ ಇನ್ನೊಂದನ್ನು ಸೇರಿಸಿದರು: ಬಾಯಿ ಜೋರಿದ್ದವರು ಬಡವರಲ್ಲ.

ಸೊಪ್ಪು ಬಿಡಿಸುತ್ತಿದ್ದ ಮರಿದೇವನಿಗೆ ತಡೆಯಲಾಗಲಿಲ್ಲ. "ಥೂ, ಎಂಥ ರಾಜ ಅವನು, ಬುದ್ಧಿ! ಇದ್ದದ್ದನ್ನು ಇದ್ದ ಹಾಗೆ ಅಂದದ್ದಕ್ಕೆ ಊರು ಬಿಡಿಸುವುದೇ?"

"ತಡೆಯಪ್ಪಾ, ಕತೆ ಇನ್ನೂ ಇದೆ" ಎಂದರು ಗುರುಗಳು.

ಆಜ್ಞೆ ತಿಳಿಸಲು ಗುಮಾಸ್ತನನ್ನೇ ಕಳಿಸಿದರು. ಕುಂಬಾರ ಮಡಕೆ ಮಾಡುವ ತಿಗರಿಯನ್ನು ಹೊರಲಾಗದೆ ಅಲ್ಲೇ ಬಿಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟುಹೋದ. ಚಾಪೆಯ ಹೆಂಗಸು ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಕಣ್ಣಿಗೆ ಬೀಳುವ ಮೊದಲೇ ಹೋಗಿಬಿಡೋಣ ಎಂದು ಗುಮಾಸ್ತ ತಲೆ ತಗ್ಗಿಸಿ ಹೆಜ್ಜೆ ಹಾಕಿದ. ಅಷ್ಟರಲ್ಲಿ ಅವಳು ಒಳಗೆ ಹೋಗಿ ಚೊಂಬು ಹಿಡಿದು ಬಂದಿದ್ದಳು.

"ಬಿಸಿಲಲ್ಲಿ ಬಂದಿದ್ದೀರಿ, ನೀರು ತಗೊಳ್ಳಿ ಸ್ವಾಮಿ. ಬೆಲ್ಲ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕೇಳಿ ತರೋಣ ಅಂದರೆ ಪಕ್ಕದ ಮನೆಯಲ್ಲೂ ಈಗ ಯಾರೂ ಇಲ್ಲ" ಎಂದಳು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಚೊಂಬು ಕೈಗೆ ತೆಗೆದುಕೊಂಡ. ಕುಡಿಯುವುದಕ್ಕೂ ಆಗಲಿಲ್ಲ, ಕೆಳಗಿಡುವುದಕ್ಕೂ ಆಗಲಿಲ್ಲ. ಹಾಗೆಯೇ ನಿಂತ.

ಗುರುಗಳು ಕತೆ ನಿಲ್ಲಿಸಿ, ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದರು.

"ಆಮೇಲೆ ಗುಮಾಸ್ತ ಏನು ಮಾಡಿದ ಬುದ್ಧಿ? ರಾಜನ ಹತ್ತಿರ ಹೋಗಿ ನಿಜ ಹೇಳಿದನೇ?" ಎಂದು ಮರಿದೇವ ಕೇಳಿದ.

"ಅದಿರಲಿ ಮರಿದೇವ, ನಿನ್ನೆ ಸಾರಿಗೆ ಉಪ್ಪಿಲ್ಲ ಅಂದಳೆಂದು ಓಲೆಯ ಹೆಂಗಸನ್ನು ಪಂಕ್ತಿಯಿಂದ ಎಬ್ಬಿಸಿ ಕಳಿಸಿದೆಯಂತಲ್ಲ, ಸಾರಿಗೆ ಉಪ್ಪು ಇತ್ತೇ?"