ದರ್ಜಿ ಕೊಂಡ ಕ್ಯಾಮೆರಾ

ಜೂನ್ ಒಂಬತ್ತು, ಸೋಮವಾರ. ಬೆಳಗಿನಿಂದ ಮೋಡ ಕವಿದಿತ್ತು. ಮಳೆ ಇನ್ನೂ ಬಿದ್ದಿರಲಿಲ್ಲ.

"ಬುದ್ಧಿ, ಹೊಸದಾಗಿ ಕಲಿಯುವವನು ಯಾವ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಬೇಕು? ಅದಕ್ಕೆ ಎಂಥ ಲೆನ್ಸ್ ಹೊಂದುತ್ತದೆ?"

ಕೇಳಿದವನು ವಿರೂಪಾಕ್ಷ, ಮಠದ ಶಿಷ್ಯ. ಅವನೂ ಸ್ವಾಮಿಗಳೂ ಮಠದ ಹಳೆಯ ಮಂಟಪದಲ್ಲಿ ಕೂತಿದ್ದರು. ಅದರ ಚಾವಣಿಯ ತುಂಬ ಹಿಂದಿನ ಕಾಲದ ವರ್ಣಚಿತ್ರಗಳು. ತೇವಕ್ಕೆ ಬಣ್ಣ ಹಕ್ಕಳೆಗಟ್ಟಿ ಉದುರುತ್ತಿತ್ತು. ಇರುವಾಗಲೇ ಎಲ್ಲದರ ಫೋಟೋ ತೆಗೆದಿಡು ಎಂದು ಸ್ವಾಮಿಗಳು ಹೋದ ವರ್ಷದ ಯುಗಾದಿಗೇ ಅವನಿಗೆ ಹೇಳಿದ್ದರು. ಭಕ್ತರೊಬ್ಬರು ಹಣವನ್ನೂ ಕೊಟ್ಟಿದ್ದರು. ಅಂದಿನಿಂದ ವಿರೂಪಾಕ್ಷ ಕ್ಯಾಮೆರಾಗಳ ವಿಷಯ ಓದುತ್ತಲೇ ಇದ್ದ. ಒಂದನ್ನು ಒಪ್ಪಿಕೊಂಡ ಮರುದಿನವೇ ಅದಕ್ಕಿಂತ ಒಳ್ಳೆಯದೊಂದು ಕಣ್ಣಿಗೆ ಬೀಳುತ್ತಿತ್ತು. ತಪ್ಪು ಆರಿಸಿ ಭಕ್ತರ ದುಡ್ಡು ಹಾಳು ಮಾಡಿದ ಎನ್ನಿಸಿಕೊಳ್ಳಬಾರದು ಎಂಬುದೊಂದೇ ಅವನ ಹೆದರಿಕೆ.

ಸ್ವಾಮಿಗಳು ತಮ್ಮ ಹೆಗಲ ಮೇಲೆ ಬಿದ್ದಿದ್ದ ನೀಲಿ ಬಣ್ಣದ ಹಕ್ಕಳೆಯೊಂದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಕ್ಯಾಮೆರಾ ವಿಷಯ ನನಗೇನು ಗೊತ್ತಪ್ಪ. ಒಬ್ಬ ದರ್ಜಿಯ ಸಂಗತಿ ಗೊತ್ತು, ಹೇಳುತ್ತೇನೆ ಕೇಳು."

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನ ಅಂಗಡಿಯ ಹಿಂದೆ ಒಂದು ಕೆರೆ. ಅದನ್ನು ಮುಚ್ಚಿ ನಿವೇಶನ ಮಾಡಬೇಕೆಂದು ಊರಿನ ದೊಡ್ಡವರು ನಿಶ್ಚಯಿಸಿದರು. ಅದು ಸತ್ತ ಕೆರೆ, ಅಲ್ಲಿ ಒಂದು ಹಕ್ಕಿಯೂ ಗೂಡು ಕಟ್ಟುವುದಿಲ್ಲ ಎಂದು ಸಾರಿಕೊಂಡು ಬಂದರು. ದರ್ಜಿಗೆ ಗೊತ್ತಿತ್ತು: ಪ್ರತಿ ಮಳೆಗಾಲದಲ್ಲೂ ಗುಳುಮುಳುಕ ಎಂಬ ಪುಟ್ಟ ನೀರುಹಕ್ಕಿ ಅಲ್ಲಿ ತೇಲುವ ಗೂಡು ಕಟ್ಟಿ, ಮರಿಗಳನ್ನು ಬೆನ್ನ ಮೇಲೆ ಹೊತ್ತು ಈಜುತ್ತಿತ್ತು. ಹೋಗಿ ಅಧಿಕಾರಿಗೆ ಹೇಳಿದ. ಅಧಿಕಾರಿ ಕೆಟ್ಟವನಲ್ಲ. "ಬಾಯಿಮಾತು ನಡೆಯೋದಿಲ್ಲ. ಮರಿಗಳ ಫೋಟೋ ತಂದು ತೋರಿಸು, ಕೆಲಸ ನಿಲ್ಲಿಸ್ತೀನಿ" ಎಂದ.

ದರ್ಜಿಯ ಫೋನಿನಲ್ಲಿ ಹಕ್ಕಿ ಬರೀ ಕರಿ ಚುಕ್ಕೆಯಾಗಿ ಬಂತು. ಕ್ಯಾಮೆರಾ ಕೊಳ್ಳುವುದೆಂದು ತೀರ್ಮಾನಿಸಿ, ಅಳತೆ ಕೊಡಲು ಬಂದವರನ್ನೆಲ್ಲ ಕೇಳಿದ. ಒಬ್ಬ ಮೆಗಾಪಿಕ್ಸೆಲ್ ನೋಡು ಎಂದ. ಒಬ್ಬ ಕಂಪನಿ ನೋಡು ಎಂದ. ಇನ್ನೊಬ್ಬ, ದೀಪಾವಳಿಗೆ ಹೊಸ ಮಾದರಿ ಬರುತ್ತದೆ, ತಡೆ ಎಂದ. ದರ್ಜಿ ತಡೆದ. ಮರಿಗಳು ರೆಕ್ಕೆ ಬಲಿತು ಹಾರಿಹೋದವು.

ಮರುವರ್ಷ, ದೂರದ್ದನ್ನು ಹತ್ತಿರ ತೋರುವ ಉದ್ದನೆಯ ಲೆನ್ಸೊಂದು ಅಗ್ಗಕ್ಕೆ ಸಿಕ್ಕಿತು. ಕೊಂಡುಬಿಟ್ಟ. ಯಾವ ದಾರವಾದರೂ ಯಾವ ಮಿಷನ್ನಿಗಾದರೂ ಏರುತ್ತದಲ್ಲ, ಲೆನ್ಸೂ ಹಾಗೆಯೇ ಎಂದುಕೊಂಡಿದ್ದ. ಊರಿನ ಫೋಟೋ ಸ್ಟುಡಿಯೋದವನ ಕ್ಯಾಮೆರಾಗೆ ತಿರುಗಿಸಿ ನೋಡಿದ. ಕೂರಲಿಲ್ಲ.

"ಒಂದು ಕಂಪನಿ ಲೆನ್ಸು ಇನ್ನೊಂದರ ಬಾಯಿಗೆ ಹಿಡಿಸೋದಿಲ್ಲ ಮಾರಾಯ. ಪ್ಯಾಂಟಿನ ಕಾಲು ತಂದು ಜುಬ್ಬಾದ ತೋಳಿಗೆ ಹೊಲಿಯೋಕೆ ಹೊರಟಿದ್ದೀಯಲ್ಲ" ಎಂದು ಸ್ಟುಡಿಯೋದವನು ನಕ್ಕ.

ದರ್ಜಿ ನಾಚಿಕೆಯಿಂದ ಲೆನ್ಸನ್ನು ಚೂರುಬಟ್ಟೆಯ ಚೀಲದೊಳಗೆ ಹುದುಗಿಸಿಟ್ಟ. ಇನ್ನೊಮ್ಮೆ ತಪ್ಪಬಾರದೆಂದು ಎಲ್ಲರನ್ನೂ ಮತ್ತೆ ಮೊದಲಿನಿಂದ ಕೇಳತೊಡಗಿದ. ಆ ಮಳೆಗಾಲವೂ ಕಳೆಯಿತು. ಬೇಸಿಗೆಯಲ್ಲಿ ಲಾರಿಗಳು ಬಂದು ಮೂಡಣ ದಂಡೆಗೆ ಮಣ್ಣು ಸುರಿದವು. ಜೊಂಡು ಬೆಳೆದಿದ್ದ ಜಾಗವೆಲ್ಲ ಸಮತಟ್ಟಾಯಿತು.

ಮತ್ತೆ ಮಳೆ ಬಿತ್ತು. ಪಡುವಣ ದಂಡೆಯ ಕಡೆ ಗುಳುಮುಳುಕ ಗೂಡಿಗೆ ಕಡ್ಡಿ ತರುವುದು ಕಂಡಿತು. ದರ್ಜಿ ಚೀಲದಿಂದ ಲೆನ್ಸು ತೆಗೆದುಕೊಂಡು ಪಟ್ಟಣದ ಬಸ್ಸು ಹತ್ತಿದ. ಅಲ್ಲಿ ಬಳಸಿದ ಕ್ಯಾಮೆರಾ ಮಾರುವ ಅಂಗಡಿಯೊಂದಿತ್ತು.

"ಎಲ್ಲಕ್ಕಿಂತ ಒಳ್ಳೇದು ಯಾವುದು ಸ್ವಾಮಿ?" ಎಂದು ದರ್ಜಿ ಅಂಗಡಿಯವನನ್ನು ಕೇಳಿದ.

"ಎಲ್ಲಕ್ಕಿಂತ ಒಳ್ಳೇದು ತಗೊಂಡು ಏನ್ಮಾಡ್ತೀರಿ ಯಜಮಾನ್ರೇ? ಏನು ತೆಗೀಬೇಕು, ಅದು ಹೇಳಿ" ಎಂದ ಅಂಗಡಿಯವನು.

ಇಷ್ಟು ಜನರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. "ಗುಳುಮುಳುಕದ ಮರಿ" ಎಂದ ದರ್ಜಿ.

ಅಂಗಡಿಯವನು ಲೆನ್ಸಿನ ಹಿಂಬದಿ ನೋಡಿ, ಅದೇ ಕಂಪನಿಯ, ಕಲಿಯುವವರಿಗೆಂದೇ ಮಾಡಿದ ಚಿಕ್ಕ ಕ್ಯಾಮೆರಾಗಳನ್ನು ಮೇಜಿನ ಮೇಲಿಟ್ಟ. ಒಂದರ ಸಂದಿಯಲ್ಲಿ ಕುಂಕುಮ ಕೂತಿತ್ತು.

"ಆಯುಧಪೂಜೇಲಿ ಹಚ್ಚಿದ್ದು, ಒರೆಸಿದರೂ ಹೋಗ್ಲಿಲ್ಲ. ಅದು ಬಿಡಿ, ಬೇರೆ ನೋಡಿ."

ದರ್ಜಿ ಬಿಡಲಿಲ್ಲ. ಅವನ ಹೊಲಿಗೆ ಮಿಷನ್ನಿನ ಚಕ್ರದ ಸಂದಿಯಲ್ಲೂ ಅಂಥದೇ ಕುಂಕುಮವಿತ್ತು. ಇದು ಯಾರದೋ ಮನೆ ನಡೆಸಿದ ಕ್ಯಾಮೆರಾ ಎಂದು ಅವನಿಗೆ ತಿಳಿಯಿತು. ಕೈಗೆತ್ತಿಕೊಂಡ. ಹಗುರವಾಗಿತ್ತು, ಹಿಡಿತ ಸಿಕ್ಕಿತು. ಲೆನ್ಸನ್ನು ಅದರ ಬಾಯಿಗಿಟ್ಟು ತಿರುಗಿಸಿದ. ಟಕ್ಕೆಂದು ಕೂತಿತು.

"ಒಂದು ಕೊರತೆ ಇದೆ" ಎಂದ ಅಂಗಡಿಯವನು. "ನಿಮ್ಮದು ಹಳೇ ಲೆನ್ಸು. ಇದರಲ್ಲಿ ತಾನಾಗೇ ಫೋಕಸ್ ಆಗೋದಿಲ್ಲ. ಕೈಯಿಂದಲೇ ತಿರುಗಿಸಬೇಕು."

ದರ್ಜಿ ನಕ್ಕ. "ಬುದ್ಧಿ ಬಂದಾಗಿನಿಂದ ಕೈಮಿಷನ್ನೇ ತಿರುಗಿಸ್ತಿದ್ದೀನಿ. ಇದೊಂದು ಹೆಚ್ಚಾಯ್ತೇ?"

ಮೊದಮೊದಲು ತೆಗೆದದ್ದೆಲ್ಲ ಮಸುಕಾಯಿತು. ದರ್ಜಿ ದಂಡೆ ಬಿಟ್ಟು ಏಳಲಿಲ್ಲ. ಮರಿಗಳು ಹೊರಬಂದ ಬೆಳಿಗ್ಗೆ, ಸೂಜಿಗೆ ದಾರ ಪೋಣಿಸುವಾಗಿನಂತೆ ಉಸಿರು ಹಿಡಿದು, ಲೆನ್ಸಿನ ಉಂಗುರವನ್ನು ಕೂದಲೆಳೆಯಷ್ಟು ಸರಿಸಿ, ಗುಂಡಿ ಒತ್ತಿದ. ತಾಯಿಯ ಬೆನ್ನ ಗರಿಗಳ ನಡುವೆ ಪಟ್ಟೆಪಟ್ಟೆಯ ಮೂರು ಪುಟ್ಟ ತಲೆಗಳು. ಕೊಕ್ಕಿನ ತುದಿಯ ನೀರಹನಿಯೂ ಕಾಣುತ್ತಿತ್ತು.

ಅಧಿಕಾರಿ ಫೋಟೋವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಆಡಿದ ಮಾತಿಗೆ ತಪ್ಪಲಿಲ್ಲ. ಅಂದೇ ಆದೇಶವಾಯಿತು. ಬಂದಿದ್ದ ಲಾರಿಗಳು ಮಣ್ಣು ಇಳಿಸದೆ ಹಿಂದಿರುಗಿದವು. ಉಳಿದ ಕೆರೆ ಕೆರೆಯಾಗಿಯೇ ಉಳಿಯಿತು. ಊರವರು ದರ್ಜಿಯನ್ನು ಎತ್ತಿಕೊಂಡು ಏರಿಯ ಮೇಲೆ ಮೆರೆಸಿದರು. ಹೆಗಲು ಕೊಟ್ಟವರಲ್ಲಿ ಸ್ಟುಡಿಯೋದವನೇ ಮುಂದೆ. "ಮರಿ ಹೊತ್ತ ಹಾಗೆ ಹೊತ್ತಿದ್ದೀನಿ, ಅಲ್ಲಾಡಬೇಡ ಕಣೋ" ಎಂದ. ಈಗಲೂ ಆ ಊರಿನ ಕಚೇರಿಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ ಕಾಣುವುದು ಅದೇ ಫೋಟೋ.

ವಿರೂಪಾಕ್ಷನ ಮುಖ ಅರಳಿತ್ತು. ದರ್ಜಿ ಗೆದ್ದದ್ದು ತಾನೇ ಗೆದ್ದಷ್ಟು ಹಿಗ್ಗು ಅವನಿಗೆ.

"ಹಾಗಾದರೆ ಬಳಸಿದ್ದೇ ಸಾಕು ಅನ್ನಿ ಬುದ್ಧಿ. ಲೆನ್ಸೂ ಸೇರಿ ಕೊನೆಗೆ ಅವನಿಗೆ ಎಷ್ಟು ಬಿತ್ತು?"

ಸ್ವಾಮಿಗಳು ತಮ್ಮ ಅಂಗೈಯಲ್ಲಿದ್ದ ನೀಲಿ ಹಕ್ಕಳೆಯನ್ನು ಶಿಷ್ಯನ ಅಂಗೈಗೆ ದಾಟಿಸಿದರು.

"ಕೆರೆಯ ಮೂಡಣ ದಂಡೆ."